ಕುತ್ತಿಗೆಯಲ್ಲಿ ಸಿಗದ ಗಡ್ಡೆ

ಹಾರ್ಮೋನು ರೋಗಗಳ ಹಳೆಯ ಪಠ್ಯಪುಸ್ತಕಗಳಲ್ಲಿ ಮತ್ತೆ ಮತ್ತೆ ಅಚ್ಚಾಗಿರುವ ಎರಡು ಫೋಟೊಗಳಿವೆ. ಎರಡರಲ್ಲೂ ಇರುವವರು ಒಬ್ಬರೇ, ಅಮೆರಿಕದ ವ್ಯಾಪಾರಿ ಹಡಗುಗಳ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್. 1918ರ ಸುಮಾರಿನ ಮೊದಲನೆಯದರಲ್ಲಿ ಆರಡಿ ಒಂದಿಂಚು ಎತ್ತರದ, ಸಮವಸ್ತ್ರ ತೊಟ್ಟು ನೆಟ್ಟಗೆ ನಿಂತ ಯುವಕ. ಎಂಟೊಂಬತ್ತು ವರ್ಷ ಕಳೆದ ಮೇಲಿನ ಎರಡನೆಯದರಲ್ಲಿ ಬೆನ್ನು ಗೂನಾಗಿದೆ, ಕತ್ತು ಭುಜಗಳ ನಡುವೆ ಹೂತಿದೆ, ಎದೆಗೂಡು ಮುಂದಕ್ಕೆ ಚಾಚಿದೆ. ಎತ್ತರದಲ್ಲಿ ಸುಮಾರು 7 ಇಂಚು ಕಾಣೆಯಾಗಿದೆ.

ಆ ಏಳಿಂಚನ್ನು ತಿಂದದ್ದು 3 ಸೆಂಟಿಮೀಟರ್ ಅಳತೆಯ ಒಂದು ಗಡ್ಡೆ. ಅದನ್ನು ಹುಡುಕಲು 1926ರಿಂದ 1932ರವರೆಗೆ ಆರು ಸಲ ಅವರ ಕುತ್ತಿಗೆಯನ್ನು ಬಿಚ್ಚಲಾಯಿತು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಎರಡು ಸಲ, ನ್ಯೂಯಾರ್ಕ್‌ನಲ್ಲಿ ಒಂದು ಸಲ, ತಿರುಗಿ ಬಾಸ್ಟನ್ನಿನಲ್ಲಿ ಮೂರು ಸಲ. ಅಷ್ಟರಲ್ಲಿ ಹಾರ್ವರ್ಡ್‌ನ ವೈದ್ಯಕೀಯ ಗ್ರಂಥಾಲಯದಲ್ಲಿ ಕೂತು ತಮ್ಮ ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡಿದ್ದ ಮಾರ್ಟೆಲ್, ಇನ್ನು ಹುಡುಕಬೇಕಾದ್ದು ಎದೆಯಲ್ಲಿ ಎಂದು ಪಟ್ಟು ಹಿಡಿದರು. 1932ರ ನವೆಂಬರ್‌ನಲ್ಲಿ ಶಸ್ತ್ರವೈದ್ಯರಾದ ಎಡ್ವರ್ಡ್ ಚರ್ಚಿಲ್ ಮತ್ತು ಆಲಿವರ್ ಕೋಪ್ ಎದೆಮೂಳೆಯನ್ನು ಸೀಳಿದರು. ಎರಡು ಶ್ವಾಸಕೋಶಗಳ ನಡುವಿನ ಜಾಗದಲ್ಲಿ ಗಡ್ಡೆ ಸಿಕ್ಕಿತು.

ವೈದ್ಯಕೀಯ ಇತಿಹಾಸದಲ್ಲಿ ಇದನ್ನು ಗೆಲುವಿನ ಕಥೆಯಾಗಿ ಹೇಳುವುದು ರೂಢಿ. ಛಲ ಬಿಡದ ರೋಗಿ, ಛಲ ಬಿಡದ ವೈದ್ಯರು, ಏಳನೆಯ ಸಲ ಸಿಕ್ಕ ಫಲ. ನನಗೆ ಹಾಗೆ ಓದಲು ಆಗುವುದಿಲ್ಲ. ಎದೆಯೊಳಗಿನ ಪ್ಯಾರಾಥೈರಾಯ್ಡ್ ಗಡ್ಡೆಯನ್ನು ಪತ್ತೆಹಚ್ಚಿ ತೆಗೆಯುವ ವಿದ್ಯೆ ಈ ತೊಂಬತ್ತು ವರ್ಷಗಳಲ್ಲಿ ಎಷ್ಟು ಬೆಳೆದಿದೆ, ಎಲ್ಲಿ ಇನ್ನೂ ಎಡವುತ್ತಿದೆ ಎಂದು ಅಳೆಯುವುದಕ್ಕೆ ಆ ಆರು ವಿಫಲ ಶಸ್ತ್ರಚಿಕಿತ್ಸೆಗಳೇ ಸರಿಯಾದ ಅಳತೆಗೋಲು. ಚಾಕು ಎಷ್ಟು ಚೆನ್ನಾಗಿ ಕತ್ತರಿಸಿತು ಎಂಬುದಕ್ಕಿಂತ, ಅದನ್ನು ಎತ್ತಿಕೊಳ್ಳುವ ಮೊದಲು ಎಷ್ಟು ಯೋಚನೆಯಾಗಿತ್ತು ಎಂಬುದನ್ನೇ ಈ ವಿದ್ಯೆಯಲ್ಲಿ ನೋಡಬೇಕು.

ಪ್ಯಾರಾಥೈರಾಯ್ಡ್ ಎಂದರೆ ಥೈರಾಯ್ಡ್ ಅಲ್ಲ, ಅದರ ಬೆನ್ನಿಗೆ ಅಂಟಿಕೊಂಡ ಬೇರೆಯೇ ಗ್ರಂಥಿಗಳು. ಹೆಚ್ಚಿನವರಲ್ಲಿ ನಾಲ್ಕು. ಒಂದೊಂದರ ತೂಕ 35–40 ಮಿಲಿಗ್ರಾಂ. ಬಣ್ಣ ಹಳದಿಗಂದು, ಪಕ್ಕದ ಕೊಬ್ಬಿನಿಂದ ಬೇರೆ ಮಾಡಿ ನೋಡಲು ಪಳಗಿದ ಕಣ್ಣು ಬೇಕು. ಮನುಷ್ಯನ ದೇಹದ ಪ್ರಮುಖ ಅಂಗಗಳಲ್ಲಿ ಎಲ್ಲಕ್ಕಿಂತ ಕೊನೆಗೆ ಕಣ್ಣಿಗೆ ಬಿದ್ದದ್ದು ಇವೇ. ಇವನ್ನು ಮೊದಲು ಗುರುತಿಸಿದವರು ಲಂಡನ್ನಿನ ರಿಚರ್ಡ್ ಓವನ್, ಅದೂ ಮನುಷ್ಯನಲ್ಲಲ್ಲ, ಅಲ್ಲಿಯ ಮೃಗಾಲಯದಲ್ಲಿ 1849ರಲ್ಲಿ ಸತ್ತ ಭಾರತದ ಒಂದು ಖಡ್ಗಮೃಗದಲ್ಲಿ. ಮನುಷ್ಯನಲ್ಲಿ ಇವನ್ನು ವಿವರವಾಗಿ ಬಣ್ಣಿಸಿ 1880ರಲ್ಲಿ ಪ್ರಕಟಿಸಿದವರು ಸ್ವೀಡನ್ನಿನ ಉಪ್ಸಾಲಾದ ಇವಾರ್ ಸ್ಯಾಂಡ್‌ಸ್ಟ್ರಾಮ್. ಆಗ ಆ ಬರಹವನ್ನು ಗಮನಿಸಿದವರು ಕಡಿಮೆ.

ಈ ಗ್ರಂಥಿಗಳ ಕೆಲಸ ರಕ್ತದ ಕ್ಯಾಲ್ಸಿಯಂ ಅನ್ನು ಕಾಯುವುದು. ಕ್ಯಾಲ್ಸಿಯಂ ಇಳಿದರೆ ಹಾರ್ಮೋನು ಸುರಿಸಿ ಮೂಳೆಯಿಂದ ಎಳೆದು ತರುತ್ತವೆ, ಏರಿದರೆ ಸುಮ್ಮನಾಗುತ್ತವೆ. ನಾಲ್ಕರಲ್ಲಿ ಒಂದು ಗಡ್ಡೆಯಾಗಿ ಬೆಳೆದರೆ ಅದು ಈ ಲೆಕ್ಕಕ್ಕೆ ಸಿಗುವುದಿಲ್ಲ. ರಕ್ತದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕ್ಯಾಲ್ಸಿಯಂ ಇದ್ದರೂ ಹಾರ್ಮೋನು ಸುರಿಸುತ್ತಲೇ ಇರುತ್ತದೆ. ಮೂಳೆ ಟೊಳ್ಳಾಗುತ್ತದೆ, ಕಿಡ್ನಿಯಲ್ಲಿ ಕಲ್ಲು ಕಟ್ಟುತ್ತದೆ, ಹೊಟ್ಟೆ ಕೆಡುತ್ತದೆ, ಮನಸ್ಸು ಮಂಕಾಗುತ್ತದೆ. ಉಳಿದ ಮೂರು ಒಳ್ಳೆಯ ಗ್ರಂಥಿಗಳು ಕೆಲಸವಿಲ್ಲದೆ ನಿದ್ದೆಹೋಗುತ್ತವೆ. ಈ ನಿದ್ದೆಯ ವಿಷಯಕ್ಕೆ ಮುಂದೆ ಬರುತ್ತೇನೆ.

ಕಳೆದ ಶತಮಾನದ ಆರಂಭದಲ್ಲಿ ವಿಯೆನ್ನಾದ ವೈದ್ಯರು ಇದನ್ನು ತಲೆಕೆಳಗಾಗಿ ಓದಿದ್ದರು. ಮೂಳೆ ಕಾಯಿಲೆಯಿಂದ ಸತ್ತವರಲ್ಲಿ ಪ್ಯಾರಾಥೈರಾಯ್ಡ್ ಊದಿಕೊಂಡಿದ್ದನ್ನು ಯಾಕೊಬ್ ಎರ್ಡ್‌ಹೈಮ್ ಕಂಡಿದ್ದರು. ಮೂಳೆಯ ನಷ್ಟವನ್ನು ತುಂಬಿಕೊಡಲು ಗ್ರಂಥಿ ಬೆಳೆದಿದೆ ಎಂಬುದು ಅವರ ತರ್ಕ. ಅದೇ ನಂಬಿಕೆಯಿಂದ ಫೆಲಿಕ್ಸ್ ಮ್ಯಾಂಡ್ಲ್ ಎಂಬ ಶಸ್ತ್ರವೈದ್ಯರು ಮೂಳೆ ಸವೆದಿದ್ದ ಟ್ರಾಮ್ ನೌಕರನೊಬ್ಬನಿಗೆ ಮೊದಲು ಮಾಡಿದ್ದು ಬೇರೆಯವರ ಪ್ಯಾರಾಥೈರಾಯ್ಡ್ ಅನ್ನು ಕಸಿ ಮಾಡುವ ಕೆಲಸ. ಉಪಯೋಗವಾಗಲಿಲ್ಲ. ಆಗ ಅವರು ತಮ್ಮ ಗುರುಪರಂಪರೆಯ ಮಾತನ್ನು ಬಿಟ್ಟು, 1925ರ ಜುಲೈನಲ್ಲಿ ಅದೇ ರೋಗಿಯ ಕುತ್ತಿಗೆ ತೆರೆದು ಗಡ್ಡೆಯನ್ನು ತೆಗೆದರು. ರೋಗಿ ಎದ್ದು ನಡೆದ. ತಾನು ಮಾಡಿದ್ದು ತಪ್ಪು ಎಂದು ಕಂಡಾಗ ಅದಕ್ಕೆ ನೇರ ವಿರುದ್ಧವಾದುದನ್ನು ಮಾಡುವ ಧೈರ್ಯ ಎಲ್ಲ ಕಾಲದಲ್ಲೂ ಅಪರೂಪದ್ದು. ಆ ರೋಗಿಯ ಕಾಯಿಲೆ ಕೆಲವು ವರ್ಷಗಳ ನಂತರ ಮರುಕಳಿಸಿತು ಎಂಬುದರಿಂದ ಮ್ಯಾಂಡ್ಲ್ ಅವರ ಆ ಹೆಜ್ಜೆ ಸಣ್ಣದಾಗುವುದಿಲ್ಲ.

ಮಾರ್ಟೆಲ್ ಅವರಿಗೆ ಆ ಮಟ್ಟಿನ ಅದೃಷ್ಟ ಇರಲಿಲ್ಲ. ಕಾಯಿಲೆ ಏನೆಂದು 1926ರಲ್ಲೇ ನ್ಯೂಯಾರ್ಕ್‌ನ ಬೆಲ್‌ವ್ಯೂ ಆಸ್ಪತ್ರೆಯ ಯೂಜೀನ್ ಡುಬಾಯ್ ಸರಿಯಾಗಿ ಹೇಳಿದ್ದರು. ಕಾಯಿಲೆಯ ಹೆಸರಿನ ಬಗ್ಗೆ ಗೊಂದಲವಿರಲಿಲ್ಲ; ಗಡ್ಡೆಯ ವಿಳಾಸ ಮಾತ್ರ ಗೊತ್ತಿರಲಿಲ್ಲ. ಗೊತ್ತಾಗಬೇಕಾದರೆ ಗರ್ಭದೊಳಗಿನ ಆರೆಂಟು ವಾರಗಳ ಕಥೆಯನ್ನು ಓದಿಕೊಳ್ಳಬೇಕಿತ್ತು.

ಆ ಕಥೆ ಚೆಲುವಾದದ್ದು. ಭ್ರೂಣದ ಕುತ್ತಿಗೆಯ ಎರಡೂ ಪಕ್ಕದಲ್ಲಿ ಮೀನಿನ ಕಿವಿರುಗಳನ್ನು ನೆನಪಿಸುವ ಚೀಲಗಳು ಸಾಲಾಗಿ ಮೂಡುತ್ತವೆ. ನಾಲ್ಕನೆಯ ಚೀಲದಿಂದ ಮೇಲಿನ ಜೋಡಿ ಪ್ಯಾರಾಥೈರಾಯ್ಡ್ ಹುಟ್ಟುತ್ತದೆ. ಅದು ಥೈರಾಯ್ಡ್ ಜೊತೆ ಸೇರಿ ಹೆಚ್ಚು ದೂರ ಹೋಗದೆ ನೆಲೆಯಾಗುತ್ತದೆ. ಕೆಳಗಿನ ಜೋಡಿ ಹುಟ್ಟುವುದು ಅದಕ್ಕಿಂತ ಮೇಲಿರುವ ಮೂರನೆಯ ಚೀಲದಲ್ಲಿ, ಥೈಮಸ್ ಎಂಬ ಇನ್ನೊಂದು ಗ್ರಂಥಿಯ ಒಡಹುಟ್ಟಾಗಿ. ಥೈಮಸ್‌ನ ಊರು ಎದೆ. ಅದು ಇಳಿಯುವಾಗ ಪ್ಯಾರಾಥೈರಾಯ್ಡ್ ಅನ್ನೂ ಕೈಹಿಡಿದು ಕರೆದೊಯ್ಯುತ್ತದೆ. ಥೈರಾಯ್ಡ್‌ನ ಕೆಳಗಿನ ಅಂಚು ಬಂದಾಗ ಪ್ಯಾರಾಥೈರಾಯ್ಡ್ ಕೈಬಿಡಿಸಿಕೊಂಡು ಅಲ್ಲೇ ನಿಲ್ಲಬೇಕು. ಕೆಲವರಲ್ಲಿ ಬೇಗ ಬಿಟ್ಟು ದವಡೆಯ ಹತ್ತಿರವೇ ಉಳಿಯುತ್ತದೆ. ಕೆಲವರಲ್ಲಿ ಬಿಡುವುದೇ ಇಲ್ಲ, ಥೈಮಸ್ ಜೊತೆ ಎದೆಮೂಳೆಯ ಹಿಂದಕ್ಕೆ, ಹೃದಯದ ಹೊದಿಕೆಯವರೆಗೂ ಇಳಿದುಬಿಡುತ್ತದೆ. ಮೇಲಿನ ಜೋಡಿಯೂ ಎದೆಗೆ ಇಳಿಯಬಹುದು, ಆದರೆ ಆ ದಾರಿ ಬೇರೆ. ಗಡ್ಡೆಯಾಗಿ ತೂಕ ಹೆಚ್ಚಿದ ಮೇಲೆ, ನುಂಗುವಾಗಿನ ಚಲನೆಗೆ ಜಾರುತ್ತಾ ಜಾರುತ್ತಾ ಅದು ಅನ್ನನಾಳದ ಪಕ್ಕದಲ್ಲಿ ಬೆನ್ನೆಲುಬಿನ ಮುಂದಕ್ಕೆ ಬರುತ್ತದೆ. ಹೀಗಾಗಿ ಎದೆಯಲ್ಲಿ ಎರಡು ವಿಳಾಸಗಳಿವೆ: ಮುಂದುಗಡೆ ಸಿಕ್ಕರೆ ಅದು ಕೆಳಗಿನ ಜೋಡಿಯದ್ದು, ಹಿಂದುಗಡೆ ಸಿಕ್ಕರೆ ಮೇಲಿನ ಜೋಡಿಯದ್ದು. ಕುತ್ತಿಗೆಯಲ್ಲಿ ಯಾವ ಗ್ರಂಥಿ ಇಲ್ಲ ಎಂದು ಖಚಿತವಾಗಿ ತಿಳಿದರೆ, ಎದೆಯಲ್ಲಿ ಯಾವ ಕಡೆ ಹುಡುಕಬೇಕೆಂದು ಅರ್ಧ ತಿಳಿದ ಹಾಗೆ.

ಇನ್ನೂ ಒಂದು ಸುಳಿವಿದೆ. ಕುತ್ತಿಗೆಯಿಂದ ಇಳಿದ ಗ್ರಂಥಿ ಹೆಚ್ಚಿನ ಸಲ ತನ್ನ ರಕ್ತನಾಳವನ್ನು ಕುತ್ತಿಗೆಯಿಂದಲೇ ಎಳೆದುಕೊಂಡು ಬಂದಿರುತ್ತದೆ. ಬಾವಿಗೆ ಬಿದ್ದ ಕೊಡದ ಹಗ್ಗ ಇನ್ನೂ ರಾಟೆಯಲ್ಲೇ ಇದ್ದ ಹಾಗೆ. ಗಂಟಲಗುಳಿಯ ಮೇಲಿನ ಸಣ್ಣ ಗಾಯದಿಂದಲೇ ಥೈಮಸ್‌ನ ಮೇಲಿನ ನಾಲಿಗೆಯನ್ನು ಹಿಡಿದು, ಆತುರಪಡದೆ ತುಸುತುಸುವೇ ಮೇಲಕ್ಕೆಳೆದರೆ ಗಡ್ಡೆಯೂ ಅದರೊಂದಿಗೆ ಬರುತ್ತದೆ. ಎದೆಯಲ್ಲಿರುವ ಪ್ಯಾರಾಥೈರಾಯ್ಡ್ ಗಡ್ಡೆಗಳಲ್ಲಿ ಹೆಚ್ಚಿನವು ಹೀಗೆ ಕುತ್ತಿಗೆಯಿಂದಲೇ ಹೊರಬರುವಂಥವು. ನಿಜವಾಗಿ ಎದೆಯನ್ನು ತೆರೆಯಬೇಕಾದವರು ಈ ಕಾಯಿಲೆಯ ನೂರು ಜನರಲ್ಲಿ ಒಬ್ಬಿಬ್ಬರು ಮಾತ್ರ: ಗಡ್ಡೆ ಮಹಾಪಧಮನಿಯ ಬಿಲ್ಲಿನ ಕೆಳಗೆ ಸೇರಿದವರು, ಎದೆಯ ನಾಳದಿಂದಲೇ ಅದು ರಕ್ತ ಪಡೆಯುತ್ತಿರುವವರು.

ಮಾರ್ಟೆಲ್ ಪ್ರಕರಣದ ನಂತರ ಕೋಪ್ ಈ ತಿಳಿವಳಿಕೆಯನ್ನು ಒಂದು ಶಿಸ್ತಾಗಿ ಕಟ್ಟಿದರು. ಶವಗಳಲ್ಲಿ ಹುಡುಕಿ ಹುಡುಕಿ ಗ್ರಂಥಿಯ ಬಣ್ಣ ಮತ್ತು ಸ್ಪರ್ಶವನ್ನು ಅವರು ಮೊದಲೇ ರೂಢಿ ಮಾಡಿಕೊಂಡಿದ್ದರು. 1941ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಶಸ್ತ್ರಚಿಕಿತ್ಸೆಯನ್ನು ಎರಡು ಹಂತವಾಗಿ ಒಡೆದರು. ಮೊದಲು ಕುತ್ತಿಗೆಯನ್ನು ಮೂಲೆಮೂಲೆಯೂ ಬಿಡದೆ ಹುಡುಕಬೇಕು. ಸಿಗದಿದ್ದರೆ ಹೊಲಿದು ನಿಲ್ಲಿಸಬೇಕು. ಎದೆಯನ್ನು ಬೇರೆ ದಿನ ತೆರೆಯಬೇಕು. ಈ ನಿಯಮದಲ್ಲಿ ನನಗೆ ಇಷ್ಟವಾಗುವುದು ಆ ‘ನಿಲ್ಲಿಸಬೇಕು’ ಎಂಬ ಮಾತು. ಸಿಗದ ಸಿಟ್ಟಿನಲ್ಲಿ, ರೋಗಿ ಹೇಗೂ ಪ್ರಜ್ಞೆ ತಪ್ಪಿ ಮಲಗಿದ್ದಾರಲ್ಲ ಎಂದು ಎದೆಮೂಳೆಗೆ ಗರಗಸ ಹಾಕಬಾರದು ಎಂಬ ಸಂಯಮ ಅದರಲ್ಲಿದೆ. ಸೀಳಿದ ಎದೆಮೂಳೆ ಕೂಡಿಕೊಳ್ಳಲು ವಾರಗಳು ಬೇಕು. ಈ ರೋಗಿಗಳ ಮೂಳೆ ಮೊದಲೇ ಸೊರಗಿರುತ್ತದೆ. ಕುತ್ತಿಗೆಯಲ್ಲೇ ಥೈರಾಯ್ಡ್‌ನೊಳಗೆ ಅಡಗಿ ಕೂತಿದ್ದ ಗಡ್ಡೆಗೆ ಎದೆ ಸೀಳುವುದೆಂದರೆ ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಅಂಥ ತಪ್ಪುಗಳು ಆಗಿವೆ.

ಈಗ ಎದೆಗೆ ಕೈಹಾಕುವ ಮುನ್ನ ಒಳಗೆ ಇಣುಕುವ ದಾರಿಗಳಿವೆ. ಅವುಗಳಲ್ಲಿ ಎರಡು ಆಕಸ್ಮಿಕವಾಗಿ ಸಿಕ್ಕಿದ್ದು. ಟೆಕ್ನೀಷಿಯಂ ಬೆರೆಸಿದ ಸೆಸ್ಟಮಿಬಿ ಎಂಬ ದ್ರವ್ಯವನ್ನು ಮಾಡಿದ್ದು ಹೃದಯದ ರಕ್ತಸಂಚಾರವನ್ನು ನೋಡಲಿಕ್ಕೆ. ಹಾಗೆ ನೋಡುವಾಗ ಪ್ಯಾರಾಥೈರಾಯ್ಡ್ ಗಡ್ಡೆಯೂ ಅದನ್ನು ಹೀರಿಕೊಂಡು ಹೊಳೆಯುತ್ತದೆಂದು 1989ರಲ್ಲಿ ವರದಿಯಾಯಿತು. ಥೈರಾಯ್ಡ್ ಅದನ್ನು ಬೇಗ ಬಿಟ್ಟುಕೊಡುತ್ತದೆ, ಮೈಟೊಕಾಂಡ್ರಿಯಾ ತುಂಬಿದ ಪ್ಯಾರಾಥೈರಾಯ್ಡ್ ಗಡ್ಡೆ ಗಂಟೆಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಎರಡು ಗಂಟೆಯ ನಂತರ ತೆಗೆದ ಚಿತ್ರದಲ್ಲಿ ಎದೆಯ ನಡುವೆ ಒಂಟಿ ಚುಕ್ಕಿ ಉಳಿದಿದ್ದರೆ ವಿಳಾಸ ಸಿಕ್ಕಿತು. ಆದರೆ ಎದೆಯಲ್ಲಿ ಒಂದು ತೊಡಕಿದೆ: ಆ ದ್ರವ್ಯದ ಮೂಲ ಗುರಿಯಾದ ಹೃದಯವೇ ಪಕ್ಕದಲ್ಲಿ ಬೆಳಗುತ್ತಿರುತ್ತದೆ. ಆದ್ದರಿಂದ ಚಪ್ಪಟೆ ಚಿತ್ರ ಸಾಲದು, ಸಿ.ಟಿ. ಜೊತೆ ಜೋಡಿಸಿದ ಮೂರು ಆಯಾಮದ ಚಿತ್ರ ಬೇಕು. ಇನ್ನೊಂದು ಕೋಲೀನ್ ಪೆಟ್ ಸ್ಕ್ಯಾನ್. ಪ್ರಾಸ್ಟೇಟ್ ಕ್ಯಾನ್ಸರ್ ಹುಡುಕಲು ಮಾಡಿದ ಪರೀಕ್ಷೆಯಲ್ಲಿ ಯಾರೂ ನಿರೀಕ್ಷಿಸದೆ ಪ್ಯಾರಾಥೈರಾಯ್ಡ್ ಹೊಳೆಯಿತು. ಈಗ ಸೆಸ್ಟಮಿಬಿಗೆ ಕಾಣದ ಸಣ್ಣ ಗಡ್ಡೆಗಳನ್ನೂ ಅದು ತೋರಿಸುತ್ತಿದೆ. ಇವಲ್ಲದೆ ನಾಲ್ಕು ಆಯಾಮದ ಸಿ.ಟಿ. ಇದೆ. ಚುಚ್ಚಿದ ಬಣ್ಣ ಗಡ್ಡೆಗೆ ಬೇಗ ನುಗ್ಗಿ ಬೇಗ ಇಳಿಯುತ್ತದೆ, ಪಕ್ಕದ ದುಗ್ಧರಸ ಗ್ರಂಥಿಯಲ್ಲಿ ನಿಧಾನವಾಗಿ ಏರುತ್ತದೆ. ಆ ವೇಗದ ವ್ಯತ್ಯಾಸವೇ ಇಲ್ಲಿ ನಾಲ್ಕನೆಯ ಆಯಾಮ.

ಇಷ್ಟು ಒಳ್ಳೆಯ ಕಣ್ಣುಗಳು ಬಂದಮೇಲೆ ಹೊಸದೊಂದು ತಪ್ಪೂ ಬಂದಿದೆ, ನನ್ನ ಮುಖ್ಯ ತಕರಾರು ಅದರ ಬಗ್ಗೆ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲವೆಂದು ರೋಗಿಯನ್ನು ‘ನಿಮಗೆ ಗಡ್ಡೆ ಇಲ್ಲ’ ಎಂದೋ ‘ಆಪರೇಷನ್ ಬೇಡ’ ಎಂದೋ ಮನೆಗೆ ಕಳಿಸುವುದು. ಕಾಯಿಲೆಯನ್ನು ಹೇಳಬೇಕಾದ್ದು ರಕ್ತ: ಕ್ಯಾಲ್ಸಿಯಂ ಏರಿದೆಯೇ, ಏರಿದ್ದರೂ ಪ್ಯಾರಾಥೈರಾಯ್ಡ್ ಹಾರ್ಮೋನು ತಗ್ಗದೆ ನಿಂತಿದೆಯೇ? ಈ ಎರಡಕ್ಕೂ ಹೌದೆಂದಾದರೆ, ಇದನ್ನು ಹೋಲುವ ಅಪರೂಪದ ವಂಶವಾಹಿ ತೊಂದರೆಯನ್ನು ಮೂತ್ರದ ಕ್ಯಾಲ್ಸಿಯಂ ನೋಡಿ ಬದಿಗಿಟ್ಟರೆ, ಕಾಯಿಲೆ ಇದೆ. ಸ್ಕ್ಯಾನ್ ಉತ್ತರ ಕೊಡುವುದು ‘ಎಲ್ಲಿ’ ಎಂಬ ಪ್ರಶ್ನೆಗೆ ಮಾತ್ರ, ‘ಇದೆಯೇ’ ಎಂಬುದಕ್ಕಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಈ ಗಡ್ಡೆಗಳ ಚಿತ್ರ ತೆಗೆಯುವುದನ್ನೇ ಜೀವನದ ಕೆಲಸ ಮಾಡಿಕೊಂಡಿದ್ದ ಜಾನ್ ಡಾಪ್‌ಮನ್ ಒಂದು ಮಾತು ಹೇಳುತ್ತಿದ್ದರು: ಮೊದಲ ಶಸ್ತ್ರಚಿಕಿತ್ಸೆಗೆ ಮುನ್ನ ಪತ್ತೆಹಚ್ಚಬೇಕಾದ್ದು ಅನುಭವಿ ಶಸ್ತ್ರವೈದ್ಯರನ್ನು ಮಾತ್ರ. ಚಿತ್ರ ತೆಗೆಯುವವರೇ ಹೇಳಿದ್ದರಿಂದ ಆ ಮಾತಿಗೆ ತೂಕ ಹೆಚ್ಚು. ಆದರೆ ಎದೆಯ ವಿಷಯದಲ್ಲಿ ಅದನ್ನು ಪೂರ್ತಿ ಒಪ್ಪುವುದು ಈಗ ಕಷ್ಟ. ಒಮ್ಮೆ ಕುತ್ತಿಗೆ ತೆರೆದು ವಿಫಲವಾದ ಮೇಲೆ ಒಳಗೆಲ್ಲ ಗಾಯದ ಅಂಟು. ಧ್ವನಿಪೆಟ್ಟಿಗೆಯ ನರ ಎಲ್ಲಿ ಹೂತಿದೆಯೋ ತಿಳಿಯದು. ಎದೆಯಲ್ಲಿರುವುದನ್ನು ಮೊದಲೇ ನೋಡಿದ್ದರೆ ಆ ಗಾಯವೇ ಬೇಡವಾಗಿತ್ತಲ್ಲವೇ? ಅದಕ್ಕೇ ಎರಡನೆಯ ಸಲ ತೆರೆಯುವ ಮುನ್ನ ಒಂದಲ್ಲ, ಒಂದನ್ನೊಂದು ಸಮರ್ಥಿಸುವ ಎರಡು ಬಗೆಯ ಚಿತ್ರಗಳಿರಲೇಬೇಕು. ಅವೂ ಸಾಲದಾದರೆ ತೊಡೆಯ ಅಭಿಧಮನಿಯಿಂದ ತೆಳುನಳಿಕೆ ತೂರಿಸಿ, ಕುತ್ತಿಗೆ ಮತ್ತು ಎದೆಯ ಬೇರೆ ಬೇರೆ ಕವಲುಗಳಿಂದ ರಕ್ತ ತೆಗೆದು, ಯಾವ ಕವಲಿನಲ್ಲಿ ಹಾರ್ಮೋನು ಹೆಚ್ಚಿದೆ ಎಂದು ನೋಡುವ ಕಷ್ಟದ ದಾರಿಯೂ ಇದೆ.

ಡಾಪ್‌ಮನ್ ಮತ್ತು ಸಂಗಡಿಗರು ಎದೆಯನ್ನು ತೆರೆಯದೆಯೇ ಗಡ್ಡೆಯನ್ನು ಕೊಲ್ಲುವ ಉಪಾಯವನ್ನೂ ಮಾಡಿದ್ದರು. ಎದೆಮೂಳೆಯ ಪಕ್ಕದ ಅಪಧಮನಿಯೊಳಗೆ ನಳಿಕೆ ಇಟ್ಟು, ಗಡ್ಡೆಯ ನಾಳದೊಳಕ್ಕೆ ಎಕ್ಸ್‌ರೇ ಬಣ್ಣವನ್ನು ಅತಿಯಾಗಿ ತುಂಬಿದರೆ ಗಡ್ಡೆ ಸುಟ್ಟಂತೆ ಸಾಯುತ್ತದೆ. ಜಾಣತನದ ಕೆಲಸ, ಎದೆ ಸೀಳುವುದೊಂದೇ ಗತಿಯಾಗಿದ್ದ ಕಾಲದಲ್ಲಿ ಹಲವರಿಗೆ ನೆರವಾಯಿತು. ಆದರೂ ಗಡ್ಡೆಯನ್ನು ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಅವಕಾಶ ಅದರಲ್ಲಿಲ್ಲ. ಅರೆಜೀವ ಉಳಿದರೆ ಕಾಯಿಲೆ ಮರಳುತ್ತದೆ.

ಅದನ್ನು ಹಿಂದೆ ಸರಿಸಿದ್ದು ಎದೆದರ್ಶಕ (ಥೊರಾಕೊಸ್ಕೋಪ್) ಶಸ್ತ್ರಚಿಕಿತ್ಸೆ. 1990ರ ದಶಕದ ಮೊದಲರ್ಧದಲ್ಲಿ ಪಕ್ಕೆಲುಬುಗಳ ನಡುವಿನ ಮೂರು ಸಣ್ಣ ರಂಧ್ರಗಳಿಂದ ಕ್ಯಾಮೆರಾ, ಇಕ್ಕಳ ತೂರಿಸಿ ಈ ಗಡ್ಡೆಗಳನ್ನು ತೆಗೆಯುವುದು ಶುರುವಾಯಿತು. ಈಗ ರೋಬಾಟ್ ತೋಳುಗಳೂ ಬಂದಿವೆ. ಒಂದು ಬದಿಯ ಶ್ವಾಸಕೋಶದ ಗಾಳಿಯನ್ನು ತಾತ್ಕಾಲಿಕವಾಗಿ ಇಳಿಸಿ ಜಾಗ ಮಾಡಿಕೊಳ್ಳುತ್ತಾರೆ. ರೋಗಿ ಕೆಲವೇ ದಿನಗಳಲ್ಲಿ ಮನೆಗೆ ಹೋಗುತ್ತಾರೆ. ಇದು ನಿಸ್ಸಂದೇಹವಾಗಿ ಒಳ್ಳೆಯ ಬದಲಾವಣೆ, ಆದರೆ ಒಂದು ಷರತ್ತಿನ ಮೇಲೆ. ಎದೆ ತೆರೆದಾಗ ಕೈಯಿಂದ ತಡಕಿ ನೋಡುವ ಅವಕಾಶವಿರುತ್ತದೆ, ರಂಧ್ರದಿಂದ ಹೋದಾಗ ಇರುವುದಿಲ್ಲ. ಚಿತ್ರ ತಪ್ಪಿದ್ದರೆ ಕ್ಯಾಮೆರಾ ಥೈಮಸ್‌ನ ಕೊಬ್ಬಿನಲ್ಲಿ ದಾರಿ ತಪ್ಪುತ್ತದೆ. ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿಯ ನಡುವಿನ ಇಕ್ಕಟ್ಟಿನಲ್ಲಂತೂ ಎಡಭಾಗದ ಧ್ವನಿನರ ಬಿಲ್ಲನ್ನು ಬಳಸಿ ಮೇಲೇರುತ್ತದೆ. ಅಲ್ಲಿ ಇಕ್ಕಳ ಒಂದು ಎಳೆ ಜಾರಿದರೆ ರೋಗಿಯ ದನಿ ಹೋಗುತ್ತದೆ. ಗಾಯ ಎಷ್ಟು ಸಣ್ಣದು ಎಂದು ಹೇಳಿಕೊಳ್ಳುವ ಪ್ರಚಾರದ ಮಾತುಗಳಲ್ಲಿ ಈ ನರದ ಹೆಸರು ಕೇಳಿಸುವುದು ಕಡಿಮೆ.

ಇವೆಲ್ಲಕ್ಕಿಂತ ನಾನು ಹೆಚ್ಚು ಬೆಲೆ ಕೊಡುವುದು ಒಂದು ಹತ್ತು ನಿಮಿಷದ ಕಾಯುವಿಕೆಗೆ. ಪ್ಯಾರಾಥೈರಾಯ್ಡ್ ಹಾರ್ಮೋನಿನ ಆಯುಸ್ಸು ರಕ್ತದಲ್ಲಿ ಬಹಳ ಸಣ್ಣದು; ಮೂರರಿಂದ ಐದು ನಿಮಿಷಕ್ಕೆ ಅರ್ಧವಾಗುತ್ತದೆ. ಸಾಲೊಮನ್ ಬರ್ಸನ್ ಮತ್ತು ರೊಸಲಿನ್ ಯಾಲೊ 1963ರಲ್ಲಿ ಅದನ್ನು ಅಳೆಯುವ ವಿಧಾನ ಕಂಡುಹಿಡಿದಿದ್ದರು. ಮಯಾಮಿಯ ಜಾರ್ಜ್ ಅರ್ವಿನ್ ಆ ಅಳತೆಯನ್ನು ಶಸ್ತ್ರಚಿಕಿತ್ಸೆಯ ಕೋಣೆಯೊಳಗೇ ತಂದರು. ಗಡ್ಡೆ ತೆಗೆದ ಹತ್ತು ನಿಮಿಷಕ್ಕೆ ರಕ್ತ ತೆಗೆದು ನೋಡುತ್ತಾರೆ. ಹಾರ್ಮೋನು ಅರ್ಧಕ್ಕಿಂತ ಕೆಳಗಿಳಿದಿದ್ದರೆ ಸರಿಯಾದದ್ದು ಹೊರಬಂದಿದೆ, ಹೊಲಿಯಬಹುದು. ಇಳಿಯದಿದ್ದರೆ ಇನ್ನೂ ಒಂದು ಎಲ್ಲೋ ಇದೆ. ಮಾರ್ಟೆಲ್ ಅವರ ಕಾಲದಲ್ಲಿ ಈ ಉತ್ತರಕ್ಕೆ ದಿನಗಟ್ಟಲೆ ಕಾಯಬೇಕಿತ್ತು, ಕೆಲವೊಮ್ಮೆ ಮುಂದಿನ ಮೂಳೆ ಮುರಿಯುವವರೆಗೂ.

ನಮ್ಮ ದೇಶಕ್ಕೆ ಬಂದರೆ ತೊಂದರೆ ಬೇರೆ ಜಾಗದಲ್ಲಿದೆ. ರಕ್ತಪರೀಕ್ಷೆಯ ಸ್ವಯಂಚಾಲಿತ ಯಂತ್ರಗಳು 1970ರ ದಶಕದಲ್ಲಿ ಬಂದ ಮೇಲೆ ಅಮೆರಿಕದಲ್ಲಿ ಈ ಕಾಯಿಲೆ ಹೆಚ್ಚಾಗಿ ಲಕ್ಷಣಗಳೇ ಇಲ್ಲದವರಲ್ಲಿ ಪತ್ತೆಯಾಗತೊಡಗಿತು. ಭಾರತದಲ್ಲಿ ಇನ್ನೂ ಬಹಳ ಮಂದಿ ಬರುವುದು ಮೂಳೆ ಮುರಿದ ಮೇಲೆ, ಎರಡು ಮೂರು ಸಲ ಕಲ್ಲು ತೆಗೆಸಿಕೊಂಡ ಮೇಲೆ. ಡಿ ವಿಟಮಿನ್ ಕೊರತೆ ಮೂಳೆಯ ಕಾಯಿಲೆಯನ್ನು ಇನ್ನಷ್ಟು ಕೆಡಿಸುತ್ತದೆ. ಎದೆಯಿಂದ ಗಡ್ಡೆ ತೆಗೆಯಬಲ್ಲ ಕೈಗಳು ನಮ್ಮಲ್ಲಿವೆ; ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ಸಂಸ್ಥೆಯಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಅಂತಃಸ್ರಾವ ಗ್ರಂಥಿಗಳ ಶಸ್ತ್ರಚಿಕಿತ್ಸೆಗೆಂದೇ ವಿಭಾಗಗಳಿವೆ. ಕೊರತೆ ಇರುವುದು ಅದಕ್ಕೆ ಬಹಳ ಹಿಂದಿನ ಮೆಟ್ಟಿಲಿನಲ್ಲಿ. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಫ್ಲೋರೈಡ್ ನೀರಿನ ಸೀಮೆಗಳಲ್ಲಿ ಮೈಕೈ ನೋವು, ಬಾಗಿದ ಬೆನ್ನು ಎಂದರೆ ನೀರಿನದೇ ದೋಷ ಎಂದು ಎಲ್ಲರಿಗೂ ಗೊತ್ತಿದೆ, ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ಹಾಗೆ ಗೊತ್ತಿರುವುದರಿಂದಲೇ ಆ ಸಾಲಿನಲ್ಲಿ ನಿಂತ ಒಬ್ಬರ ಕ್ಯಾಲ್ಸಿಯಂ ನೋಡುವ ಯೋಚನೆ ಯಾರಿಗೂ ಬಾರದೆ ಹೋಗಬಹುದು. ಫ್ಲೋರೈಡ್ ಸಾಮಾನ್ಯವಾಗಿ ರಕ್ತದ ಕ್ಯಾಲ್ಸಿಯಂ ಅನ್ನು ಏರಿಸುವುದಿಲ್ಲ, ಗಡ್ಡೆ ಏರಿಸುತ್ತದೆ. ಪೆಟ್ ಸ್ಕ್ಯಾನ್, ರೋಬಾಟ್‌ಗಳ ಮಾತಾಡುವ ಮೊದಲು, ಮತ್ತೆ ಮತ್ತೆ ಕಲ್ಲು ಕಟ್ಟುವ ಪ್ರತಿಯೊಬ್ಬರಿಗೂ, ಸಣ್ಣ ಪೆಟ್ಟಿಗೆ ಮೂಳೆ ಮುರಿದ ಪ್ರತಿಯೊಬ್ಬರಿಗೂ ಈ ಅಗ್ಗದ ಪರೀಕ್ಷೆ ಆಗಬೇಕು.

ಕ್ಯಾಪ್ಟನ್ ಮಾರ್ಟೆಲ್ ಅವರ ಕಥೆ ಗಡ್ಡೆ ಸಿಕ್ಕಲ್ಲಿಗೆ ಮುಗಿಯಲಿಲ್ಲ. ಚರ್ಚಿಲ್ ಮತ್ತು ಕೋಪ್ ಇಡೀ ಗಡ್ಡೆಯನ್ನು ತೆಗೆಯಲಿಲ್ಲ. ಕ್ಯಾಲ್ಸಿಯಂ ತೀರಾ ಕುಸಿದೀತೆಂದು ಹತ್ತರಲ್ಲಿ ಒಂಬತ್ತು ಪಾಲು ತೆಗೆದು, ಉಳಿದ ತುಣುಕನ್ನು ಅದರ ರಕ್ತನಾಳದ ಸಮೇತ ಉಳಿಸಿದರು. ಎಚ್ಚರದ ಕೆಲಸವೇ. ಆದರೂ ಮೂರು ದಿನದೊಳಗೆ ಕೈಕಾಲು ಸೆಟೆಯತೊಡಗಿದವು. ಹದಿನಾಲ್ಕು ವರ್ಷ ಹಸಿದಿದ್ದ ಮೂಳೆಗಳು ರಕ್ತದಲ್ಲಿದ್ದ ಕ್ಯಾಲ್ಸಿಯಂ ಅನ್ನು ಒಂದೇ ಸಮನೆ ಎಳೆದುಕೊಳ್ಳುತ್ತಿದ್ದವು. ಅದನ್ನು ತಡೆದು ಹಿಡಿಯಬೇಕಾದವು ನಿದ್ದೆಹೋಗಿದ್ದ ಒಳ್ಳೆಯ ಗ್ರಂಥಿಗಳು. ಗಡ್ಡೆ ಹೋದ ಮೇಲೆ ಅವು ಕೆಲವು ದಿನಗಳಲ್ಲಿ ಎಚ್ಚರಗೊಳ್ಳುತ್ತವೆ. ಆದರೆ 1926ರಲ್ಲಿ, ಗಡ್ಡೆ ಸಿಗದಿದ್ದಾಗ, ಕುತ್ತಿಗೆಯಿಂದ ಕತ್ತರಿಸಿ ತೆಗೆದದ್ದು ಆ ಒಳ್ಳೆಯ ಗ್ರಂಥಿಯನ್ನೇ. ಆರು ವಾರದ ನಂತರ, ಮೂತ್ರನಾಳದಲ್ಲಿ ಸಿಕ್ಕಿಕೊಂಡ ಕಲ್ಲಿಗೆ ಇನ್ನೊಂದು ಶಸ್ತ್ರಚಿಕಿತ್ಸೆ ಆಯಿತು. ಅದಾದ ಬಳಿಕ ಗಂಟಲ ಸ್ನಾಯು ಸೆಟೆದುಕೊಂಡು ಉಸಿರು ಕಟ್ಟಿ ಅವರು ತೀರಿಕೊಂಡರು. ಎದೆಯ ಗಾಯ ಅಷ್ಟರಲ್ಲಿ ಕೂಡಿಕೊಳ್ಳುತ್ತಾ ಬಂದಿತ್ತು.